ನಿಮ್ಮ ನಾಯಕನಿಗೂ ಸ್ವಲ್ಪ ಬೆವರಿಳಿಯಲಿ

ಫ್ಯಾಂಟಸಿ ಸಾಹಸ ಚಿತ್ರಗಳನ್ನು ತೆಗೆಯುತ್ತಿರುವ, ತೆಗೆಯಲು ಹೊರಟಿರುವ ಕನ್ನಡದ ನಿರ್ದೇಶಕರಿಗೂ ನಿರ್ಮಾಪಕರಿಗೂ ಹಾಸನದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಸಿನಿಮಾ ವಿಮರ್ಶಕನಲ್ಲ, ಯಾವ ನಟನ ಅಭಿಮಾನಿ ಸಂಘದ ಸದಸ್ಯನೂ ಅಲ್ಲ. ಹಾಸನದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡವನು. ಮೊದಲ ದಿನದ ಮೊದಲ ಆಟಕ್ಕೆ ನುಗ್ಗುವ ಉಮೇದು ನನಗೆ ಎಂದೂ ಇರಲಿಲ್ಲ. ಹಬ್ಬಕ್ಕೆ ನೆಂಟರು ಬಂದಾಗ, ಮಕ್ಕಳ ಪರೀಕ್ಷೆ ಮುಗಿದಾಗ, ಮಳೆ ಹಿಡಿದು ತೋಟದ ಮೋಟಾರುಗಳಿಗೆಲ್ಲ ರಜೆ ಸಿಕ್ಕಾಗ ಮನೆಮಂದಿಯನ್ನು ಕಟ್ಟಿಕೊಂಡು ಚಿತ್ರಮಂದಿರಕ್ಕೆ ಹೋಗುವ ಪೈಕಿ ನಾವು. ಕುಟುಂಬ ಪ್ರೇಕ್ಷಕರು ಎಂದು ನೀವು ನಮ್ಮನ್ನು ಕರೆಯುತ್ತೀರಂತೆ. ಎರಡನೆಯ ವಾರ ನಾವು ಬಂದರೆ ಚಿತ್ರ ಗೆದ್ದಂತೆ, ಬಾರದಿದ್ದರೆ ಬಿದ್ದಂತೆ ಎಂದು ನಿಮ್ಮವರೇ ಟಿವಿಯಲ್ಲಿ ಹೇಳುವುದನ್ನು ಕೇಳಿದ್ದೇನೆ. ನಮಗೆ ಅಷ್ಟು ಬೆಲೆ ಇರುವುದೇ ನಿಜವಾದರೆ ನಮ್ಮ ಮಾತಿಗೂ ಒಂದಿಷ್ಟು ಕಿವಿಗೊಡಿ.

ಇತ್ತೀಚಿನ ವರ್ಷಗಳಲ್ಲಿ ನಾವು ನೋಡಿದ್ದರಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯ ಚಿತ್ರಗಳು. ಒಂದು ಹಳೆಯ ಶಾಪ, ಒಂದು ಮಣಿಯೋ ಖಡ್ಗವೋ ದಂಡವೋ, ಕಾಡಂಚಿನ ಊರು, ಆ ಊರನ್ನು ನುಂಗಲು ಬರುವ ದುಷ್ಟ, ಕೊನೆಯಲ್ಲಿ ನಾಯಕನ ಮೈಮೇಲೆ ಇಳಿಯುವ ದೈವಶಕ್ತಿ. ಇದನ್ನು ದೂರಾಗಿ ಹೇಳುತ್ತಿಲ್ಲ. ನನಗೆ ಇಂಥ ಚಿತ್ರಗಳೇ ಇಷ್ಟ. ನನ್ನ ಅತ್ತೆಯಿಂದ ಹಿಡಿದು ಏಳನೆಯ ತರಗತಿಯ ಮಗಳ ತನಕ ಒಂದೇ ಸಾಲಿನಲ್ಲಿ ಕೂತು ನೋಡಬಹುದಾದ ಸಿನಿಮಾ ಎಂದರೆ ಈಗ ಇವೇ. ಪಟ್ಟಣದ ಗಂಡ ಹೆಂಡತಿಯ ಮುನಿಸಿನ ಕತೆ ನೋಡಲು ನಮ್ಮ ಮನೆಯಲ್ಲಿ ಯಾರೂ ಗಾಡಿ ತೆಗೆಯುವುದಿಲ್ಲ. ಅದು ಮನೆಯಲ್ಲೇ ಪುಕ್ಕಟೆ ಸಿಗುತ್ತದೆ.

ನನ್ನ ದೂರು ಬೇರೆ. ನಿಮ್ಮ ನಾಯಕನ ಬಗ್ಗೆ ನಮಗೆ ಹೆದರಿಕೆಯೇ ಆಗುತ್ತಿಲ್ಲ. ಅವನು ಸೋಲಬಹುದು, ಸಾಯಬಹುದು, ಹೋಗಲಿ ಮರುದಿನ ಅವನಿಗೆ ಮೈಕೈ ನೋವಾದರೂ ಬರಬಹುದು ಎಂಬ ಅನುಮಾನ ಕೂಡ ಹುಟ್ಟುವುದಿಲ್ಲ. ನೂರು ಜನ ಕತ್ತಿ ಹಿರಿದು ಸುತ್ತುವರಿದಾಗ ನಮ್ಮ ಸಾಲಿನ ಹುಡುಗರು ಪಾಪ್‌ಕಾರ್ನ್ ಡಬ್ಬಿಯಿಂದ ತಲೆ ಎತ್ತುವುದಿಲ್ಲ. ಏನಾಗುತ್ತದೆ ಎಂಬುದು ಅವರಿಗೆ ಗೊತ್ತು. ನನ್ನ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತದೆ. ರಿವೈಂಡಿಂಗ್ ಮಾಡಿದ, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿದ ಮೋಟಾರನ್ನು ಮೇಜಿನ ಮೇಲಿಟ್ಟು ಕರೆಂಟು ಕೊಟ್ಟರೆ ಸೊಗಸಾಗಿ ಓಡುತ್ತದೆ, ಗಿರಾಕಿಗೂ ಖುಷಿಯಾಗುತ್ತದೆ. ಅದರ ತಾಕತ್ತು ತಿಳಿಯುವುದು ಬೋರ್‌ವೆಲ್‌ಗೆ ಇಳಿಸಿ, ಮೇಲೆ ನೀರಿನ ಭಾರ ಕೂತಾಗ. ನಿಮ್ಮ ನಾಯಕರಲ್ಲಿ ಹೆಚ್ಚಿನವರು ಇನ್ನೂ ಮೇಜಿನ ಮೇಲೇ ಓಡುತ್ತಿದ್ದಾರೆ.

ಆನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಹಾಸನ ಜಿಲ್ಲೆಯವರಿಗೆ ಮಾತನಾಡುವ ಹಕ್ಕು ಸ್ವಲ್ಪ ಜಾಸ್ತಿಯೇ ಇದೆ. ಫ್ಯಾಂಟಸಿ ಚಿತ್ರ ಎಂದ ಮೇಲೆ ಒಂದು ಆನೆ ಬೇಕೇ ಬೇಕು ಎಂದು ಯಾರೋ ನಿಯಮ ಮಾಡಿದಂತಿದೆ. ಅದು ಸೊಂಡಿಲು ಮೇಲೆತ್ತಿ ಘೀಳಿಡುತ್ತಾ ಬರುತ್ತದೆ, ನಾಯಕ ಒಂದು ಕೈ ಅಡ್ಡ ಹಿಡಿಯುತ್ತಾನೆ, ಆನೆ ನಿಲ್ಲುತ್ತದೆ, ಅವನ ಕೂದಲು ಗಾಳಿಗೆ ಹಾರುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟದವರು ಈ ದೃಶ್ಯಕ್ಕೆ ನಗುತ್ತಾರೆ. ನಗುವಿನಲ್ಲಿ ಸಂತೋಷ ಇರುವುದಿಲ್ಲ. ಅಲ್ಲಿಯ ಜನರ ಮೊಬೈಲ್‌ಗೆ ಇಂಥ ಊರಿನ ಹತ್ತಿರ ಆನೆಗಳಿವೆ, ಹೊರಗೆ ಹೋಗಬೇಡಿ ಎಂದು ಅರಣ್ಯ ಇಲಾಖೆಯ ಸಂದೇಶ ಬರುತ್ತದೆ. ಕಾರ್ಮಿಕರು ಬೆಳಿಗ್ಗೆ ತೋಟಕ್ಕೆ ಇಳಿಯುವ ಮುನ್ನ ಕಿವಿ ನಿಮಿರಿಸಿ ನಿಲ್ಲುತ್ತಾರೆ, ಏಕೆಂದರೆ ನಾಲ್ಕೈದು ಟನ್ ತೂಗುವ ಪ್ರಾಣಿ ಹತ್ತು ಮಾರು ದೂರದಲ್ಲಿದ್ದರೂ ಹೆಜ್ಜೆಯ ಸದ್ದು ಕೇಳಿಸುವುದಿಲ್ಲ. ಒಂದು ರೆಂಬೆ ಮುರಿದ ಸದ್ದು ಬಂದರೆ ಅದೇ ಪುಣ್ಯ. ಕಿವಿ ಅಗಲಿಸಿ ಘೀಳಿಡುವ ಆನೆ ಬಹಳ ಸಲ ಹೆದರಿಸಿ ಹಿಂದಿರುಗುತ್ತದೆ, ಸೊಂಡಿಲು ಮಡಚಿ ಕಿವಿಯನ್ನು ಹಿಂದಕ್ಕೆ ಒತ್ತಿಕೊಂಡು ಸದ್ದಿಲ್ಲದೆ ಬರುವುದೇ ನಿಜವಾಗಿ ಮೇಲೆ ಬೀಳುವ ಆನೆ ಎಂದು ಕಂಡು ಬದುಕಿ ಬಂದವರು ಹೇಳುತ್ತಾರೆ. ಸಿನಿಮಾದಲ್ಲಿ ಸದ್ದಿಲ್ಲದೆ ಬಂದ ಒಂದು ಆನೆಯನ್ನು ನಾನು ಇನ್ನೂ ನೋಡಿಲ್ಲ. ತೋರಿಸಿ ನೋಡಿ, ಇಡೀ ಚಿತ್ರಮಂದಿರ ಉಸಿರು ಹಿಡಿಯುತ್ತದೆ.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಅರ್ಜುನ ಸತ್ತ. ಎಂಟು ಸಲ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಆನೆ. ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂದು ಸಲಗ ಎದುರಾಗಿ ಕಾಳಗಕ್ಕೆ ಬಿದ್ದಾಗ ಅರ್ಜುನ ಉಳಿಯಲಿಲ್ಲ. ಆ ಸುದ್ದಿ ಬಂದ ದಿನ ನನ್ನ ಅಂಗಡಿಯಲ್ಲಿ ಕೂತಿದ್ದವರು ಮನೆಯವರೇ ಹೋದಂತೆ ಸುಮ್ಮನಾದರು. ಅಷ್ಟು ದೊಡ್ಡ, ಅಷ್ಟು ಪಳಗಿದ, ಅಷ್ಟು ಹೆಸರಾದ ಬಲಶಾಲಿಯೂ ಸಾಯಬಹುದು ಎಂಬುದನ್ನು ಕಣ್ಣಾರೆ ಕಂಡ ಊರಿನವರ ಮುಂದೆ ಒಂದು ಕೈ ಅಡ್ಡ ಹಿಡಿದು ಆನೆ ನಿಲ್ಲಿಸುವ ನಾಯಕನನ್ನು ತಂದರೆ ನಾವು ಹೇಗೆ ನಂಬುವುದು? 2017ರಲ್ಲಿ ಬಂದ ‘ಬಾಹುಬಲಿ’ಯ ಎರಡನೆಯ ಭಾಗದ ಶುರುವಿನಲ್ಲಿಯೂ ಮದವೇರಿದ ಆನೆ ಇದೆ. ಅಲ್ಲಿ ನಾಯಕ ದೊಡ್ಡ ರಥವನ್ನು ಅಡ್ಡ ತರುತ್ತಾನೆ, ಅರಿಸಿನ ಸುರಿಯುತ್ತದೆ, ಆಮೇಲಷ್ಟೇ ಆನೆ ತಣ್ಣಗಾಗುತ್ತದೆ. ಅದೂ ಉತ್ಪ್ರೇಕ್ಷೆಯೇ, ಆದರೆ ಆನೆಗೆ ಕೊಡಬೇಕಾದ ಮರ್ಯಾದೆಯನ್ನು ಕೊಟ್ಟ ಉತ್ಪ್ರೇಕ್ಷೆ. ಆ ಚಿತ್ರವನ್ನು ಜನ ಇನ್ನೂ ನೆನೆಯುವುದು ಅದಕ್ಕೆ.

ನಮ್ಮ ಬೇಲೂರಿನ ದೇವಾಲಯದ ಬಾಗಿಲ ಬಳಿ ಹೊಯ್ಸಳರ ಲಾಂಛನ ಇದೆಯಲ್ಲ, ಸಳ ಮೃಗವನ್ನು ಇರಿಯುತ್ತಿರುವುದು, ಅದನ್ನು ಒಮ್ಮೆ ಹತ್ತಿರ ನಿಂತು ನೋಡಿ. ಮೃಗ ದೊಡ್ಡದು. ಸಳ ಅದರ ಮುಂದೆ ಚಿಕ್ಕವನು. ತನ್ನ ವಂಶದ ಮೂಲಪುರುಷನನ್ನೇ ಕಲ್ಲಿನಲ್ಲಿ ಕೆತ್ತಿಸುವ ರಾಜನಿಗೆ ಅವನನ್ನು ಮೃಗಕ್ಕಿಂತ ಎತ್ತರ ಮಾಡಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಮಾಡಿಸಲಿಲ್ಲ. ಚಿಕ್ಕವನು ದೊಡ್ಡದನ್ನು ಎದುರಿಸಿದಾಗಲೇ ಅದು ಸಾಹಸ ಎಂಬುದು ಹನ್ನೆರಡನೆಯ ಶತಮಾನದ ಶಿಲ್ಪಿಗೆ ಗೊತ್ತಿತ್ತು. ಈಗಿನ ಕ್ಯಾಮೆರಾ ನಾಯಕನ ಪಾದದ ಬಳಿ ಮಲಗಿ ಮೇಲಕ್ಕೆ ನೋಡುತ್ತದೆ. ಎದುರಿಗೆ ಬರುವುದು ಹುಲಿಯೋ ರಾಕ್ಷಸನೋ ಪರ್ವತವೋ, ಎಲ್ಲವೂ ಅವನ ಮೊಣಕಾಲಿಗೆ ಬರುತ್ತದೆ. (ಇದನ್ನು ಓದಿ ಯಾರಾದರೂ ಸಳನ ಮೇಲೆ ನಾನೂರು ಕೋಟಿಯ ಚಿತ್ರ ತೆಗೆಯಲು ಹಾಸನದ ಬಸ್ಸು ಹತ್ತಿದರೆ ದಯವಿಟ್ಟು ಚನ್ನರಾಯಪಟ್ಟಣದಲ್ಲೇ ಇಳಿದು ವಾಪಸ್ಸಾಗಿ.)

ಅದ್ಭುತಕ್ಕೂ ಕಟ್ಟಳೆ ಬೇಕು ಎಂಬುದು ನಮ್ಮ ಹಳೆಯ ಕತೆಗಾರರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಿರಣ್ಯಕಶಿಪುವಿನ ವರವನ್ನೇ ನೋಡಿ. ಮನುಷ್ಯನಿಂದಲೂ ಸಾವಿಲ್ಲ, ಮೃಗದಿಂದಲೂ ಇಲ್ಲ, ಹಗಲೂ ಇಲ್ಲ, ಇರುಳೂ ಇಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ, ನೆಲದ ಮೇಲೂ ಇಲ್ಲ, ಆಕಾಶದಲ್ಲೂ ಇಲ್ಲ, ಆಯುಧದಿಂದಲೂ ಇಲ್ಲ. ಇಡೀ ಕತೆಯ ರೋಚಕತೆ ಇರುವುದು ಆ ಕರಾರುಪತ್ರದ ಸಂದಿಯಲ್ಲಿ. ದೇವರು ಕೂಡ ಕರಾರು ಮುರಿಯುವುದಿಲ್ಲ, ಸಂದಿ ಹುಡುಕುತ್ತಾನೆ. ಸಂಜೆಯ ಹೊತ್ತು, ಹೊಸ್ತಿಲ ಮೇಲೆ, ತೊಡೆಯ ಮೇಲೆ, ಉಗುರಿನಿಂದ. ಚಿಕ್ಕಂದಿನಲ್ಲಿ ಈ ಕತೆ ಕೇಳುವಾಗ ಒಂದೊಂದು ಷರತ್ತೂ ನೆರವೇರುವುದಕ್ಕೆ ನಾವು ಬೆರಳು ಮಡಚುತ್ತಿದ್ದೆವು. 2025ರ ಜುಲೈನಲ್ಲಿ ‘ಮಹಾವತಾರ್ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲಿಯೂ ಬಂತು. ಸ್ಟಾರ್ ಇಲ್ಲ, ಹಾಡಿಗೆ ವಿದೇಶ ಇಲ್ಲ, ಕೆಲವು ಕಡೆ ಗೊಂಬೆಗಳ ಮುಖ ಬಿಗಿದುಕೊಂಡೇ ಇರುತ್ತದೆ. ಆದರೂ ಮನೆಮಂದಿಯೆಲ್ಲ ನೋಡಿದರು, ನನ್ನ ಮಗಳು ಬೆರಳು ಮಡಚಿದಳು. ಪಕ್ಕದಲ್ಲಿ ನನ್ನ ಅತ್ತೆ ಕಂಬ ಒಡೆಯುವ ಹೊತ್ತಿಗೆ ಕೈ ಮುಗಿದು ಕೂತಿದ್ದರು. ಮನೆಗೆ ಬಂದ ಮೇಲೆ ಅವರ ತೀರ್ಪು ಬೇರೆ ಇತ್ತು: 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಮೀಸೆ ತಿರುವಿದರೇ ಇದಕ್ಕಿಂತ ಜಾಸ್ತಿ ಭಯ ಆಗುತ್ತಿತ್ತು, ಮಗ ಲೋಹಿತ್ ಆ ಅಪ್ಪನ ಮುಂದೆ ನಿಂತು ಉತ್ತರ ಕೊಡುವಾಗ ಕರುಳು ಹಿಂಡುತ್ತಿತ್ತು ಎಂದರು. ಆ ಲೋಹಿತ್‌ನನ್ನು ನಾವು ಆಮೇಲೆ ಪುನೀತ್ ಎಂದು ಕರೆದೆವು. ಅತ್ತೆಯೊಂದಿಗೆ ವಾದಿಸುವ ಧೈರ್ಯ ನನಗಿಲ್ಲ, ಈ ವಿಷಯದಲ್ಲಿ ಕಾರಣವೂ ಇಲ್ಲ.

ಹೊಸಬರಲ್ಲಿ ಈ ಗುಟ್ಟು ತಿಳಿದವರೂ ಇದ್ದಾರೆ. 2024ರ ಸಂಕ್ರಾಂತಿಗೆ ಬಂದ ತೆಲುಗಿನ ‘ಹನುಮಾನ್’ನಲ್ಲಿ ಹಳ್ಳಿಯ ಪುಂಡನೊಬ್ಬನಿಗೆ ಒಂದು ಮಣಿ ಸಿಗುತ್ತದೆ, ಮಣಿಯಿಂದ ಬಲ ಬರುತ್ತದೆ. ಆದರೆ ಬಿಸಿಲು ಇರುವ ತನಕ ಮಾತ್ರ. ಹೊತ್ತು ಮುಳುಗಿದರೆ ಅವನು ಮತ್ತೆ ಒದೆ ತಿನ್ನುವ ಹುಡುಗ. ಇಷ್ಟೇ ಇಷ್ಟು ಕಟ್ಟಳೆ, ಅದರಿಂದ ಎಷ್ಟು ನಗು, ಎಷ್ಟು ಆತಂಕ. ಸಂಜೆಯ ದೃಶ್ಯ ಬಂದರೆ ಸಾಕು, ನಾವೇ ಸೂರ್ಯ ಎಲ್ಲಿದ್ದಾನೆ ಎಂದು ನೋಡುವಂತಾಗುತ್ತದೆ. ಮಲಯಾಳದ ‘ಲೋಕಾ’ವನ್ನು ಮನೆಯಲ್ಲಿ ಕೂತು ನೋಡಿದೆ. ಕೇರಳದ ಯಕ್ಷಿಯೊಬ್ಬಳು ನಮ್ಮ ಬೆಂಗಳೂರಿನಲ್ಲಿ ತಲೆಮರೆಸಿಕೊಂಡು ಬದುಕುವ ಕತೆ. ಅವಳ ಬಲದ ಜತೆಗೇ ರಕ್ತದ ಹಸಿವೂ ಬರುತ್ತದೆ. ಅವಳು ತನಗೆ ತಾನೇ ಹೆದರುತ್ತಾಳೆ. ಬೆಂಗಳೂರನ್ನು ಇಟ್ಟುಕೊಂಡು ಇಂಥ ಕತೆ ಕಟ್ಟುವುದು ಪಕ್ಕದ ರಾಜ್ಯದವರಿಗೆ ಹೊಳೆಯಿತು, ನಮಗೆ ಹೊಳೆಯಲಿಲ್ಲ ಎಂಬುದು ಸ್ವಲ್ಪ ಚುಚ್ಚಿತು.

2024ರ ಜೂನ್‌ನಲ್ಲಿ ಬಂದ ‘ಕಲ್ಕಿ 2898 ಎಡಿ’ಯಲ್ಲಿ ಮಾತನಾಡುವ ಕಾರು ಇದೆ, ಗಾಳಿಯಲ್ಲಿ ತೇಲುವ ನಗರ ಇದೆ, ಮುಖ್ಯ ನಾಯಕನಿಗೆ ಬೇಕಾದಷ್ಟು ಜಗಳ ಇದೆ. ಇವೆಲ್ಲ ಮರೆತುಹೋಗಿವೆ. ನೆನಪಿರುವುದು ಅಶ್ವತ್ಥಾಮ. ಹಣೆಯ ಗಾಯ ಮಾಯದ, ಸಾಯಲು ಆಗದ ಮುದುಕ. ಎಲ್ಲರೂ ಸಾವಿಗೆ ಹೆದರುವಾಗ ಸಾವು ಸಿಗದೆ ಸವೆದವನು. ಅಮಿತಾಭ್ ಬಚ್ಚನ್ ಎದ್ದು ನಿಂತಾಗ ಅವರ ವಯಸ್ಸೇ ಅರ್ಧ ಅಭಿನಯ ಮಾಡಿತು. ಅಮರತ್ವವನ್ನು ಶಿಕ್ಷೆಯಾಗಿ ಕೊಟ್ಟ ಕವಿಯ ಮುಂದೆ ನಿಮ್ಮ ಗ್ರಾಫಿಕ್ಸ್ ಕಂಪನಿಗಳು ಏನು ಮಾಡಿಯಾವು?

ಈಗ ನಮ್ಮದಕ್ಕೆ ಬರುತ್ತೇನೆ. 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ‘ಕಾಂತಾರ’ವನ್ನು ನಾನು ಹೊಗಳಿ ಹೊಸದಾಗಿ ಆಗಬೇಕಾದ್ದು ಏನೂ ಇಲ್ಲ, ರಿಷಬ್ ಶೆಟ್ಟಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಯಿತು. ನಾನು ಹೇಳಬೇಕಾದ್ದು ಅದು ಏಕೆ ಕೆಲಸ ಮಾಡಿತು ಎಂಬುದನ್ನು. ಚಿತ್ರದ ಬಹುಪಾಲು ನಾಯಕನಲ್ಲಿ ಯಾವ ಶಕ್ತಿಯೂ ಇಲ್ಲ. ಕುಡಿಯುತ್ತಾನೆ, ಬೇಟೆಗೆ ಹೋಗುತ್ತಾನೆ, ಕಂಬಳ ಓಡಿಸುತ್ತಾನೆ, ರಾತ್ರಿ ಕನಸು ಕಂಡು ಬೆಚ್ಚುತ್ತಾನೆ. ಕೊನೆಯ ಹೊಡೆದಾಟದಲ್ಲಿ ಏಟು ತಿಂದು ನೆಲಕ್ಕೆ ಬೀಳುತ್ತಾನೆ. ಇನ್ನು ಎದ್ದೇಳುವುದಿಲ್ಲ ಎಂದುಕೊಂಡಾಗ ದೈವ ಬರುತ್ತದೆ. ಬರುವ ಶಕ್ತಿಯೂ ಅವನದಲ್ಲ; ಅವನು ಬರೀ ಪಾತ್ರೆ. ಅಷ್ಟು ಹೊತ್ತು ಕಾದದ್ದಕ್ಕೇ ಆ ಕೂಗಿಗೆ ನಮ್ಮ ಕೂದಲು ನೆಟ್ಟಗಾಯಿತು. ಹಾಸನ ಘಟ್ಟದ ಮೇಲಿನ ಊರು. ಭೂತಕೋಲ ನಮ್ಮ ಆಚರಣೆ ಅಲ್ಲ. ಆದರೂ ಚಿತ್ರ ಬಿಟ್ಟಾಗ ಗೇಟಿನ ಬಳಿ ಯಾರೂ ಒಬ್ಬರನ್ನೊಬ್ಬರು ತಳ್ಳಲಿಲ್ಲ. ಇದು ನಮ್ಮ ಊರಿನ ಚಿತ್ರಮಂದಿರದಲ್ಲಿ ಸಣ್ಣ ಪವಾಡವಲ್ಲ.

2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ ಎಲ್ಲ ರೀತಿಯಲ್ಲಿಯೂ ದೊಡ್ಡದು. ಕಾಡು ದೊಡ್ಡದು, ಅರಮನೆ ದೊಡ್ಡದು, ರಥ ಅಂಕೆ ತಪ್ಪಿ ಓಡುವ ದೃಶ್ಯವಂತೂ ಕನ್ನಡದಲ್ಲಿ ಹಿಂದೆ ಯಾರೂ ತೆಗೆಯದಂಥದ್ದು. ರುಕ್ಮಿಣಿ ವಸಂತ್ ಅವರ ಪಾತ್ರಕ್ಕೆ ಇಂಥ ಚಿತ್ರಗಳಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಸಿಗದ ಹುರುಳಿದೆ. ಏನೆಂದು ಹೇಳಿ ನೋಡದವರ ಖುಷಿ ಕೆಡಿಸುವುದಿಲ್ಲ. ಮೊದಲರ್ಧದ ನಗೆಯ ತುಣುಕುಗಳು ನನಗೆ ಹಿಡಿಸಲಿಲ್ಲ, ಪಕ್ಕದವರು ನಕ್ಕರು, ಅದು ಬಿಡಿ. ನನಗೆ ಕೊರತೆ ಎನಿಸಿದ್ದು ಬೇರೆ ಕಡೆ. ಹಿಂದಿನ ಚಿತ್ರದಲ್ಲಿ ಒಮ್ಮೆ ಬಂದು ನಮ್ಮನ್ನು ನಡುಗಿಸಿದ ಆವೇಶ ಇಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಎರಡನೆಯ ಸಲ ಬಂದಾಗ ಇನ್ನು ನಾಯಕನಿಗೆ ಏನೂ ಆಗುವುದಿಲ್ಲ ಎಂದು ನನ್ನ ಮಗಳು ಕಿವಿಯಲ್ಲಿ ಹೇಳಿದಳು. ಅವಳ ಮುಖದಲ್ಲಿ ನಿರಾಳ ಇತ್ತು. ನಿಮಗೆ ಬೇಕಾದದ್ದು ಆ ನಿರಾಳ ಅಲ್ಲ ತಾನೇ? ಆದರೂ ಸ್ಪಷ್ಟವಾಗಿ ಹೇಳುತ್ತೇನೆ: ಈಚೆಗೆ ನೋಡಿದ ದೊಡ್ಡ ಚಿತ್ರಗಳಲ್ಲಿ ಕೊಟ್ಟ ದುಡ್ಡಿಗೆ ಮೋಸ ಮಾಡದ್ದು ಇದೇ.

ಭಯ ಹುಟ್ಟಿಸಲು ಬಾರದವರು ಸದ್ದು ಹುಟ್ಟಿಸುತ್ತಾರೆ. 2024ರ ನವೆಂಬರಿನಲ್ಲಿ ತಮಿಳಿನ ‘ಕಂಗುವ’ ಬಂದಾಗ ಕಿವಿ ಕಿತ್ತುಹೋಗುತ್ತದೆ ಎಂಬ ದೂರು ಎಷ್ಟು ಬಂತೆಂದರೆ ನಿರ್ಮಾಪಕರೇ ಚಿತ್ರಮಂದಿರಗಳಿಗೆ ಧ್ವನಿಯನ್ನು ಎರಡು ಪಾಯಿಂಟ್ ತಗ್ಗಿಸಲು ಹೇಳಬೇಕಾಯಿತು. ಆ ಚಿತ್ರವನ್ನು ಎರಡು ಪಾಯಿಂಟಿನಿಂದ ಉಳಿಸಲು ಆಗಲಿಲ್ಲ. ನನ್ನ ಬಾಲ್ಯದಲ್ಲಿ ನಮ್ಮೂರ ಜಾತ್ರೆಗೆ ಮೂಡಲಪಾಯ ಯಕ್ಷಗಾನದ ಆಟ ಆಡುತ್ತಿದ್ದರು. ರಾಕ್ಷಸನ ಪ್ರವೇಶ ಎಂದರೆ ಮೊದಲು ಇಬ್ಬರು ಬಂದು ಒಂದು ಬಟ್ಟೆಯ ತೆರೆ ಹಿಡಿಯುತ್ತಿದ್ದರು. ತೆರೆಯ ಹಿಂದೆ ಗೆಜ್ಜೆ. ಆಮೇಲೆ ಒಂದು ಆರ್ಭಟ. ಆಮೇಲೆ ಏನೂ ಇಲ್ಲ. ಭಾಗವತರು ಪದ ಎಳೆಯುತ್ತಿದ್ದರು, ಮದ್ದಲೆಯವನು ನಮ್ಮ ಕಡೆ ನೋಡುತ್ತಿದ್ದ. ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಮಾತ್ರ ಅತ್ತಿತ್ತ ಆಡುತ್ತಿತ್ತು. ಹಾಗೆ ಎಷ್ಟು ಹೊತ್ತು ಸತಾಯಿಸುತ್ತಿದ್ದರೋ, ತೆರೆ ಬೀಳುವಷ್ಟರಲ್ಲಿ ಮುಂದಿನ ಸಾಲಿನ ಹುಡುಗರು ಅಮ್ಮಂದಿರ ಸೆರಗು ಸೇರಿರುತ್ತಿದ್ದರು. ಒಳಗೆ ಇದ್ದವನು ನಮ್ಮ ಊರಿನ ಕುಂಬಾರ ಎಂಬುದು ನಮಗೆಲ್ಲ ಗೊತ್ತಿತ್ತು. ನಿಮ್ಮ ರಾಕ್ಷಸರು ಟೀಸರಿನಲ್ಲೇ ಬಂದು, ಟ್ರೈಲರಿನಲ್ಲಿ ಹಲ್ಲು ತೋರಿಸಿ, ಪೋಸ್ಟರಿನಲ್ಲಿ ಬಸ್‌ಸ್ಟ್ಯಾಂಡ್ ಎದುರು ಒಂದು ತಿಂಗಳು ನಿಂತು, ಕೊನೆಗೆ ಚಿತ್ರದಲ್ಲಿಯೂ ಬರುತ್ತಾರೆ. ಅಷ್ಟು ಹೊತ್ತಿಗೆ ಅವರು ನಮಗೆ ಅಕ್ಕಪಕ್ಕದ ಮನೆಯವರಾಗಿರುತ್ತಾರೆ.

ಕತ್ತಲೆಯ ವಿಷಯವನ್ನೂ ಹೇಳಿಬಿಡುತ್ತೇನೆ. ದೊಡ್ಡ ಯುದ್ಧಗಳೆಲ್ಲ ಈಗ ರಾತ್ರಿಯೇ ಏಕೆ ನಡೆಯುತ್ತವೆ? ಮಳೆ, ಹೊಗೆ, ಬೂದಿ, ಅದರ ಮೇಲೆ ನಮ್ಮ ಮೂಗಿಗೆ ತ್ರೀಡಿ ಕನ್ನಡಕ. ಆ ಕನ್ನಡಕ ಇದ್ದಬದ್ದ ಬೆಳಕನ್ನೂ ನುಂಗುತ್ತದೆ. ಗ್ರಾಫಿಕ್ಸ್‌ನ ತೇಪೆ ಕಾಣದಿರಲಿ ಎಂದು ಹೀಗೆ ಮಾಡುತ್ತಾರೆ ಎಂದು ನನ್ನ ಅಂಗಡಿಯ ಹುಡುಗ ಹೇಳುತ್ತಾನೆ. ಇದ್ದರೂ ಇರಬಹುದು. ಹಾಗಿದ್ದರೆ ಗ್ರಾಫಿಕ್ಸ್ ಕಡಿಮೆ ಮಾಡಿ, ದೀಪ ಹಚ್ಚಿ. 2022ರ ಅಕ್ಟೋಬರಿನಲ್ಲಿ ರಾಮಾಯಣದ ಕತೆಯ ‘ಆದಿಪುರುಷ್’ನ ಟೀಸರ್ ನೋಡಿ ದೇಶವೆಲ್ಲ ನಕ್ಕ ಮೇಲೆ ತಿಂಗಳುಗಟ್ಟಲೆ ಮುಂದೂಡಿ, ತಿದ್ದಿ, 2023ರ ಜೂನ್‌ನಲ್ಲಿ ಬಿಡುಗಡೆ ಮಾಡಿದರು. ಅಷ್ಟೆಲ್ಲ ತಿದ್ದಿದರೂ ಜನರ ಸಿಟ್ಟು ಕೊನೆಗೆ ತಿರುಗಿದ್ದು ಸಂಭಾಷಣೆಯ ಮೇಲೆ. ಮಾತು ಬರೆಯುವವನ ಸಂಬಳ ಎಷ್ಟು, ಕಂಪ್ಯೂಟರಿನವರ ಬಿಲ್ಲು ಎಷ್ಟು ಎಂದು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ.

ರನ್ನನ ದುರ್ಯೋಧನ ವೈಶಂಪಾಯನ ಸರೋವರದ ನೀರಿನೊಳಗೆ ಮುಳುಗಿ ಕೂತಿದ್ದಾನೆ. ದಂಡೆಯ ಮೇಲೆ ಭೀಮ ಗರ್ಜಿಸುತ್ತಾನೆ. ನೀರಿನೊಳಗಿದ್ದರೂ ದುರ್ಯೋಧನ ಬೆವರುತ್ತಾನೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಇದನ್ನು ಓದಿದಾಗ ಹಿಂದಿನ ಬೆಂಚಿನ ನಮಗೂ ಒಂದು ಕ್ಷಣ ಮೈ ಬಿಸಿಯಾಗಿತ್ತು. ಇಲ್ಲಿ ಯಾರೂ ಯಾರನ್ನೂ ಮುಟ್ಟಿಲ್ಲ. ಗದೆ ಇನ್ನೂ ಎದ್ದಿಲ್ಲ. ಇಷ್ಟು ಸಾಕು, ಭೀಮ ಎಂಥವನೆಂದು ಗೊತ್ತಾಯಿತು, ದುರ್ಯೋಧನನ ಛಲ ಎಂಥದೆಂದೂ ಗೊತ್ತಾಯಿತು. ಸಾವಿರ ವರ್ಷದ ಹಿಂದಿನ ಕವಿಗೆ ಶತ್ರುವಿನ ಹಣೆಯ ಮೇಲೆ ಒಂದು ಹನಿ ಕಂಡಿತು. ನಿಮ್ಮ ಕ್ಯಾಮೆರಾಗೆ ನಾಯಕನ ಹಣೆಯ ಮೇಲೆ ಕಾಣುವುದು ಮೇಕಪ್ಪಿನವರು ಚಿಮುಕಿಸಿದ ನೀರು.

ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿಯೂ ಒಬ್ಬ ಬಾಹುಬಲಿ ನಿಂತಿದ್ದಾನೆ. 981ರಲ್ಲಿ ಚಾವುಂಡರಾಯ ಮಾಡಿಸಿದ್ದು, 58 ಅಡಿ, ಒಂದೇ ಕಲ್ಲು. ಅವನ ಕತೆ ಪಂಪನ ‘ಆದಿಪುರಾಣ’ದಲ್ಲಿದೆ, ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುತ್ತದೆ. ಅಣ್ಣ ಭರತ ಚಕ್ರವರ್ತಿಯಾಗಲು ಹೊರಟಿದ್ದಾನೆ, ತಮ್ಮ ತಲೆಬಾಗಲು ಒಪ್ಪುವುದಿಲ್ಲ. ಎರಡು ಸೇನೆಗಳು ಎದುರಾದಾಗ ಮಂತ್ರಿಗಳು ಸೈನಿಕರ ಸಾವು ಬೇಡ, ನೀವಿಬ್ಬರೇ ತೀರ್ಮಾನಿಸಿಕೊಳ್ಳಿ ಎನ್ನುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೊದಲನೆಯದರಲ್ಲಿ ಅಣ್ಣತಮ್ಮಂದಿರು ರೆಪ್ಪೆ ಬಡಿಯದೆ ಒಬ್ಬರನ್ನೊಬ್ಬರು ನೋಡುತ್ತಾ ನಿಲ್ಲಬೇಕು, ಅಷ್ಟೇ. ನೀವು ಈ ದೃಶ್ಯ ತೆಗೆಯುತ್ತೀರಿ ಎಂದುಕೊಳ್ಳಿ. ಹಿನ್ನೆಲೆಯಲ್ಲಿ ಜ್ವಾಲಾಮುಖಿ ಇಡದೆ, ಕಣ್ಣಿನಿಂದ ಬೆಂಕಿ ಹಾರಿಸದೆ, ಇಬ್ಬರು ಒಳ್ಳೆಯ ನಟರ ಎರಡು ಮುಖಗಳನ್ನಷ್ಟೇ ಇಟ್ಟು ಮೂರು ನಿಮಿಷ ನಮ್ಮನ್ನು ಕೂರಿಸುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ? ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಮೇಲಕ್ಕೆತ್ತುತ್ತಾನೆ. ಅಪ್ಪಳಿಸಬಹುದಾಗಿದ್ದ ಕೈ ತಡೆಯುತ್ತದೆ, ಕೆಳಗಿಳಿಸುತ್ತಾನೆ. ಅವಮಾನದಿಂದ ಕುದ್ದ ಭರತ ಚಕ್ರರತ್ನವನ್ನೇ ಎಸೆಯುತ್ತಾನೆ; ಅದು ಬಾಹುಬಲಿಯನ್ನು ಬಲಬಂದು ನಿಲ್ಲುತ್ತದೆ, ಸ್ವಂತ ರಕ್ತದವರನ್ನು ಕೊಲ್ಲುವುದು ಅದರ ಕಟ್ಟಳೆಯಲ್ಲಿಲ್ಲ. ಗೆದ್ದವನು ಗೆದ್ದದ್ದನ್ನೆಲ್ಲ ಬಿಟ್ಟು ನಡೆಯುತ್ತಾನೆ. ಅದ್ಭುತ ಬೇಕೇ, ಇದೆ. ಹೊಡೆದಾಟ ಬೇಕೇ, ಮೂರು ಬಗೆಯದಿದೆ. ಒಬ್ಬನ ತಲೆಯೂ ಉರುಳುವುದಿಲ್ಲ.

ತಲೆ ಉರುಳುವುದನ್ನು ಹೇಳಿದ್ದಕ್ಕೆ ಒಂದು ಕಾರಣ ಇದೆ. 2024ರ ಕೊನೆಯಿಂದ ಸೆನ್ಸಾರ್ ಮಂಡಳಿ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳಿಗೆ ಕೊಡುವ ಯುಎ ಪ್ರಮಾಣಪತ್ರವನ್ನು ಏಳು, ಹದಿಮೂರು, ಹದಿನಾರು ವರ್ಷ ಮೇಲ್ಪಟ್ಟವರಿಗೆ ಎಂದು ಮೂರು ಭಾಗ ಮಾಡಿದೆ. ಒಳ್ಳೆಯ ಕೆಲಸ. ಆದರೆ ಆ ಅಂಕಿ ನಿಮ್ಮ ಪೋಸ್ಟರಿನಲ್ಲಿ ಇರುವೆಯ ಗಾತ್ರದಲ್ಲಿರುತ್ತದೆ. ಟಿಕೆಟ್ ಕೊಳ್ಳುವ ತಂದೆಗೆ ಕನ್ನಡಕ ಹಾಕಿಕೊಳ್ಳದೆ ಕಾಣುವ ಹಾಗೆ ಹಾಕಿ.

ಟಿಕೆಟ್ ದರದ ಬಗ್ಗೆ ಉದ್ದ ಮಾತಾಡುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಎಂದು ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನ್ಯಾಯಾಲಯದ ವಿಷಯ ನ್ಯಾಯಾಲಯಕ್ಕೆ. ನಮ್ಮ ಮನೆಯ ಲೆಕ್ಕ ಇಷ್ಟೇ: ಐದು ಟಿಕೆಟ್, ಮಧ್ಯಂತರದ ತಿಂಡಿ, ಪಾರ್ಕಿಂಗ್ ಸೇರಿದರೆ ಒಂದು ಸಣ್ಣ ಮೋಟಾರು ರಿವೈಂಡ್ ಮಾಡಿದ ಕೂಲಿ ಹೋಗುತ್ತದೆ. ಅಷ್ಟು ಕೊಟ್ಟ ಮೇಲೆ ಕತೆ ಪೂರ್ತಿ ಸಿಗಬೇಕು ಎನ್ನುವುದು ದುರಾಸೆಯೇ?

ಕೊನೆಯ ಬೇಡಿಕೆ ಇದೇ ವಿಷಯಕ್ಕೆ ಸಂಬಂಧಿಸಿದ್ದು. ‘ಕಲ್ಕಿ’ಯ ಹೆಸರಿನಲ್ಲಿ ಎಲ್ಲಿಯೂ ಮೊದಲ ಭಾಗ ಎಂದಿರಲಿಲ್ಲ, ಮೂರು ಗಂಟೆ ಕೂತ ಮೇಲೆ ಮುಂದುವರಿಯುತ್ತದೆ ಎಂದು ಗೊತ್ತಾಯಿತು. 2022ರಲ್ಲಿ ಮೊದಲ ಭಾಗ ಎಂದು ಹೇಳಿಕೊಂಡೇ ಬಂದ ಹಿಂದಿಯ ‘ಬ್ರಹ್ಮಾಸ್ತ್ರ’ದ ಎರಡನೆಯದಕ್ಕೆ ನನ್ನ ಮಗಳು ಕಾಯುವುದನ್ನೇ ಬಿಟ್ಟಿದ್ದಾಳೆ. ನೀವು ಭಾಗ ಮಾಡಿ, ಅಧ್ಯಾಯ ಮಾಡಿ, ಒಂಬತ್ತು ಕಂತಿನಲ್ಲಿ ತೆಗೆಯಿರಿ, ತಕರಾರಿಲ್ಲ. ಮೂಡಲಪಾಯದವರೂ ಒಂದು ಪ್ರಸಂಗವನ್ನು ಒಂದು ರಾತ್ರಿ ಆಡುತ್ತಿದ್ದರು, ಇಡೀ ಮಹಾಭಾರತವನ್ನಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಆ ರಾತ್ರಿಯ ರಾಕ್ಷಸ ಸತ್ತಿರುತ್ತಿದ್ದ, ಮಂಗಳ ಹಾಡಿರುತ್ತಿದ್ದರು. ನೀವೂ ಹಾಗೆ ಮಾಡಿ. ಅದು ಆಗುವುದಿಲ್ಲ ಎಂದಾದರೆ, ಕತೆ ಮಧ್ಯಕ್ಕೆ ನಿಲ್ಲುತ್ತದೆ ಎಂದು ಪೋಸ್ಟರಿನಲ್ಲೇ, ನಾಯಕನ ಹೆಸರಿನಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ. ನಾವು ಎರಡನೆಯ ಭಾಗ ಬಂದ ಮೇಲೆ ಎರಡನ್ನೂ ಒಟ್ಟಿಗೆ ನೋಡುತ್ತೇವೆ.

ಇಂತಿ,
ಹಾಸನದ ಒಬ್ಬ ಪ್ರೇಕ್ಷಕ
(ಹಿಂದಿನಿಂದ ಮೂರನೆಯ ಸಾಲು, ಫ್ಯಾನಿನ ಕೆಳಗೆ)